ಪಟ್ಟಿಯಲ್ಲಿ ಹೆಸರಿಲ್ಲದ ಮೇಲೆ

ಜಪಾನಿನ ಮಿಡ್‌ಫೀಲ್ಡರ್ ಶುನ್‌ಸುಕೆ ನಕಮುರಾ ಎಂದರೆ ಫುಟ್‌ಬಾಲ್ ಪ್ರಿಯರಿಗೆ ನೆನಪಾಗುವುದು ಅವರ ಎಡಗಾಲಿನ ಫ್ರೀಕಿಕ್. ಕೆಲಸ ಹುಡುಕುತ್ತಾ ಒಂದಾದ ಮೇಲೊಂದು ಆಯ್ಕೆ ಪಟ್ಟಿ ನೋಡುತ್ತಿರುವ ನನಗೆ ಮಾತ್ರ ಅವರ ಹೆಸರಿಲ್ಲದ ಪಟ್ಟಿಗಳೇ ಹೆಚ್ಚು ನೆನಪಾಗುತ್ತವೆ.

1978ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದ ನಕಮುರಾ, ಅಲ್ಲಿನ ದೊಡ್ಡ ಕ್ಲಬ್‌ನ ಕಿರಿಯರ ತಂಡದಲ್ಲಿ ಆಡುತ್ತಿದ್ದರು. ಹೈಸ್ಕೂಲಿಗೆ ಬರುವ ಹೊತ್ತಿಗೆ ಮುಂದಿನ ಹಂತದ ತಂಡಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ. ಆಗ ಅವರದು ಸಣ್ಣ ಮೈಕಟ್ಟು. ಅವರು ತೊಕೊ ಗಕುಎನ್ ಎಂಬ ಶಾಲೆ ಸೇರಿ ಅಲ್ಲಿನ ತಂಡದಲ್ಲಿ ಆಡಿದರು. 1997ರಲ್ಲಿ ಯೊಕೊಹಾಮಾ ಮರಿನೋಸ್ ಅವರನ್ನು ವೃತ್ತಿಪರ ಆಟಗಾರನಾಗಿ ಸೇರಿಸಿಕೊಂಡಿತು. ಹಿಂದೆ ಬೇಡ ಎಂದಿದ್ದ ಕ್ಲಬ್ಬೇ ಅದು!

ಶಾಲೆಯಲ್ಲಿದ್ದಾಗಲೇ ಅವರಿಗೊಂದು ಅಭ್ಯಾಸ ಶುರುವಾಗಿತ್ತು. ತಮ್ಮ ಗುರಿಗಳನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಸದ್ಯದ ಗುರಿ, ಸ್ವಲ್ಪ ಮುಂದಿನದು, ದೂರದ್ದು ಎಂದು ಬೇರೆ ಬೇರೆ. ಆಟದಲ್ಲಿ ಏನು ಸರಿಹೋಯಿತು, ಏನು ಹೋಗಲಿಲ್ಲ ಎಂಬುದೂ ಅದರಲ್ಲಿರುತ್ತಿತ್ತು. ಈ ಟಿಪ್ಪಣಿಗಳು 2009ರಲ್ಲಿ ಪುಸ್ತಕವಾಗಿಯೂ ಬಂದವು.

2000ದಲ್ಲಿ ಅವರು ಜೆ ಲೀಗ್‌ನ ಅತ್ಯುತ್ತಮ ಆಟಗಾರ. 2002ರಲ್ಲಿ ವಿಶ್ವಕಪ್ ಜಪಾನಿನ ನೆಲದಲ್ಲೇ ನಡೆಯಿತು. ಆದರೆ ಕೋಚ್ ಫಿಲಿಪ್ ಟ್ರೂಸಿಯೆ ಪ್ರಕಟಿಸಿದ 23 ಜನರ ಪಟ್ಟಿಯಲ್ಲಿ ನಕಮುರಾ ಇರಲಿಲ್ಲ. ದೇಶಕ್ಕೆ ದೇಶವೇ ಸಂಭ್ರಮಿಸುತ್ತಿರುವಾಗ ಹೊರಗೆ ನಿಲ್ಲುವುದು ಹೇಗಿರುತ್ತದೆ, ಊಹಿಸಿಕೊಳ್ಳಿ. ಅದೇ ವರ್ಷ ಅವರು ಇಟಲಿಯ ರೆಜಿನಾ ಎಂಬ ಚಿಕ್ಕ ಕ್ಲಬ್‌ಗೆ ಹೊರಟರು. ಮೂರು ವರ್ಷದ ನಂತರ ಸ್ಕಾಟ್‌ಲೆಂಡಿನ ಸೆಲ್ಟಿಕ್ ಸೇರಿದರು.

2006ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರು ದೂರದಿಂದ ಹೊಡೆದ ಫ್ರೀಕಿಕ್ ಗೋಲಿನಿಂದ ಸೆಲ್ಟಿಕ್ 1-0ರಲ್ಲಿ ಗೆದ್ದಿತು. ಕ್ಲಬ್ ಮೊದಲ ಬಾರಿ ಚಾಂಪಿಯನ್ಸ್ ಲೀಗ್‌ನ ಕೊನೆಯ 16ರ ಹಂತ ತಲುಪಿತು. ಮರುವರ್ಷ ಸ್ಕಾಟ್‌ಲೆಂಡಿನ ವರ್ಷದ ಆಟಗಾರ ಪ್ರಶಸ್ತಿ ಅವರ ಪಾಲಾಯಿತು. ಫ್ರೀಕಿಕ್‌ಗೆ ಎತ್ತರ, ತೂಕ ಬೇಕಿಲ್ಲ. ಚೆಂಡು ಎಲ್ಲಿ ತಾಗಬೇಕು, ಹೇಗೆ ತಿರುಗಬೇಕು ಎಂಬ ಲೆಕ್ಕ ಮತ್ತು ಸಾವಿರಾರು ಸಲದ ಅಭ್ಯಾಸ ಸಾಕು. ತನ್ನ ಮೈಕಟ್ಟು ಅಡ್ಡಬರದ ಕಡೆ ಅವರು ಬೆವರು ಸುರಿಸಿದ್ದರು.

ಕಷ್ಟಪಟ್ಟರೆ ಎಲ್ಲವೂ ಸಿಗುತ್ತದೆ ಎಂದು ಈ ಕಥೆ ಹೇಳುವುದಿಲ್ಲ. 2010ರ ವಿಶ್ವಕಪ್ ತಂಡದಲ್ಲಿ ನಕಮುರಾ ಇದ್ದರೂ ಬಹುಪಾಲು ಬೆಂಚಿನಲ್ಲೇ ಕುಳಿತರು. 2013ರಲ್ಲಿ ಮರಿನೋಸ್‌ಗೆ ಲೀಗ್ ಕಿರೀಟ ಕೊನೆಯ ದಿನ ಕೈತಪ್ಪಿತು. ಆದರೆ ಆ ವರ್ಷದ ಅತ್ಯುತ್ತಮ ಆಟಗಾರ, 35ರ ನಕಮುರಾ! ಆ ಪ್ರಶಸ್ತಿಯನ್ನು ಎರಡು ಸಲ ಪಡೆದ ಮೊದಲಿಗರೂ ಅವರೇ.

ಅವರು ಬೂಟು ಕಳಚಿದ್ದು 2022ರಲ್ಲಿ, 44ನೇ ವಯಸ್ಸಿನಲ್ಲಿ. ಗೆಳೆಯರೇ, ಆಯ್ಕೆ ಮಾಡುವವರು ಅವತ್ತಿನ ತಮ್ಮ ಅಗತ್ಯ ನೋಡಿ ತೀರ್ಮಾನಿಸುತ್ತಾರೆ. ನಮ್ಮ ಮುಂದಿನ 20 ವರ್ಷ ಅವರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದವರು ನಾವು. ಸದ್ಯಕ್ಕೆ ಒಂದು ನೋಟ್‌ಬುಕ್ಕಿನಲ್ಲಾದರೂ.