ನಿಧಾನವೇ ಗೆಲ್ಲುವ ಪಂದ್ಯ

ರಾಮನಗರದ ಬಂಡೆಗಳನ್ನು ಕಂಡವರಿಗೆ ಸೂರತ್ತಿನ ತಾಪೀತೀರದ ಮೆಕ್ಕಲು ನೆಲ ಬೋಳೆನಿಸುವುದು ಸಹಜ. ಆದರೆ ಅಹಮದಾಬಾದಿನ ಉತ್ತರಕ್ಕಿರುವ ಈಡರಿಗೆ ಹೋಗಿ ನೋಡಿ. ಅಂಥವೇ ಗ್ರಾನೈಟ್ ಬಂಡೆಗಳು! ರೇಡಿಯೋ ಸಂಕೇತದಿಂದ ನಡೆಯುವ ‘ರಾಕ್ ಕ್ರಾಲರ್’ ಎಂಬ ಪುಟ್ಟ ಗಾಡಿಗೆ ಇಂಥ ನೆಲವೇ ಬೇಕು.

ಇದರ ಪಂದ್ಯದಲ್ಲಿ ಓಟಕ್ಕೆ ಬೆಲೆಯಿಲ್ಲ. ಬಂಡೆಗಳ ನಡುವೆ ಜೋಡಿಗೂಟಗಳನ್ನು ನಿಲ್ಲಿಸಿರುತ್ತಾರೆ. ಗೊತ್ತಾದ ಅವಧಿಯೊಳಗೆ ಗಾಡಿ ಅವುಗಳ ನಡುವೆ ಹಾಯಬೇಕು. ಗೂಟ ಸೋಕಿದರೂ, ಹಿಂದಕ್ಕೆ ಸರಿದರೂ ಅಂಕ ಏರುತ್ತದೆ. ಕಡಿಮೆ ಅಂಕದವನೇ ಗೆದ್ದವನು.

ಗಾಡಿಯನ್ನು ಅಣಿಗೊಳಿಸುವ ಬಗೆ ಹೇಗೆ? ನಿಜ ವಾಹನದ 1/10 ಅಳತೆಯದು ರೂಢಿಯಲ್ಲಿದೆ. ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಗಾಳಿಗೆದ್ದ ಚಕ್ರ ವೃಥಾ ಸುತ್ತುತ್ತದೆ, ಬಂಡೆ ಹಿಡಿದ ಚಕ್ರ ನಿಂತುಬಿಡುತ್ತದೆ. ಆದ್ದರಿಂದ ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತೆ ಅದನ್ನು ಬಿಗಿಯಬೇಕು. ಗೇರು ತೀರ ತಗ್ಗಿನದಿರಲಿ. ಮೇಲ್ಕವಚ ಹಗುರವಾಗಿರಲಿ, ಬ್ಯಾಟರಿ ಮುಂದಕ್ಕೆ, ತಗ್ಗಿನಲ್ಲಿ ಕೂರಲಿ, ಮುಂಚಕ್ರಗಳಿಗೆ ಹಿತ್ತಾಳೆಯ ಭಾರ ಸೇರಲಿ. ಇಲ್ಲವಾದರೆ ಕಡಿದಾದ ಏರಿನಲ್ಲಿ ಗಾಡಿ ಹಿಮ್ಮಗುಚುತ್ತದೆ. ಟೈರು ಮೆತ್ತಗಿದ್ದು ಒಳಗೆ ಸ್ಪಂಜು ತುಂಬಿದ್ದರೆ ಕಲ್ಲಿಗೆ ಅಂಟಿ ನಡೆಯುತ್ತದೆ.

ವಡೋದರೆಯವರಿಗೆ ಪಾವಾಗಡ ಹತ್ತಿರವೇನೋ ಸರಿ. ಆದರೆ ಚಾಂಪಾನೇರ್–ಪಾವಾಗಡ 2004ರಿಂದ ಯುನೆಸ್ಕೋ ವಿಶ್ವಪರಂಪರೆಯ ತಾಣ, ಅಲ್ಲಿನ ಕಲ್ಲು ಆಟಕ್ಕಲ್ಲ. ಮನೆಯ ತಾರಸಿಯಲ್ಲಿ ಇಟ್ಟಿಗೆ, ಕಲ್ಲು ಪೇರಿಸಿದರೆ ಅಭ್ಯಾಸಕ್ಕೆ ಸಾಕು.

ತಂದೆತಾಯಿಗಳಿಗೊಂದು ಮಾತು. ಗಾಡಿ ಮಗುಚಿದೊಡನೆ ದುಬಾರಿ ಮೋಟಾರು ಕೊಡಿಸಬೇಡಿ, ನೀವೇ ಕೈಹಾಕಲೂ ಬೇಡಿ. ಯಾವ ಚಕ್ರ ಮೊದಲು ಎದ್ದಿತೆಂದು ಮಗುವನ್ನೇ ಕೇಳಿ. ಉತ್ತರ ತಡವಾದೀತು, ಕಾಯಿರಿ. ಭಾರವನ್ನು ಒಂದಂಗುಲ ಸರಿಸಿ ಗಾಡಿ ಹತ್ತಿಸಿದ ಮಗು, ಕೊಂಡು ತಂದ ಗೆಲುವಿಗಿಂತ ದೊಡ್ಡದನ್ನು ಗಳಿಸಿರುತ್ತದೆ.