ಯೋಚಿಸಿ ಓಡಿ ಎಂದ ಕೋಚ್

2006ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮತ್ತು ಜಪಾನ್ ತಂಡಗಳು ಏಷ್ಯಾ ಕಪ್ ಅರ್ಹತಾ ಪಂದ್ಯ ಆಡಿದವು. ಜಪಾನ್ 3–0 ಗೋಲುಗಳಿಂದ ಗೆದ್ದಿತು. ಇದರಲ್ಲಿ ಅಚ್ಚರಿಪಡುವಂಥದ್ದೇನಿರಲಿಲ್ಲ. ಆದರೆ ಅಂದು ಜಪಾನ್ ತಂಡದ ಹೊಣೆ ಹೊತ್ತಿದ್ದ ಎತ್ತರದ, ನರೆತ ತಲೆಯ, 65 ವರ್ಷದ ಮನುಷ್ಯನ ಬದುಕು ಅಲ್ಲಿದ್ದ ಪ್ರೇಕ್ಷಕರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! ಅವರೇ ಬೋಸ್ನಿಯಾದ ಇವಿತ್ಸಾ ಓಸಿಮ್.

ಓಸಿಮ್ ಹುಟ್ಟಿದ್ದು 1941ರ ಮೇ 6ರಂದು, ಸರಾಯೆವೊ ನಗರದಲ್ಲಿ. ಅವರು ಆಡಿದ್ದು ಆ ಊರಿನ ರೈಲ್ವೆ ಕಾರ್ಮಿಕರು 1921ರಲ್ಲಿ ಕಟ್ಟಿದ ಝೆಲೆಜ್ನಿಚಾರ್ ಕ್ಲಬ್ಬಿಗೆ. ಅದರ ಮೈದಾನ ಗ್ರಬಾವಿತ್ಸ ಬಡಾವಣೆಯಲ್ಲಿದೆ. ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೆ ಸೇರಿದ್ದ ಹುಡುಗ ಕೊನೆಗೆ ಒಲಿದದ್ದು ಚೆಂಡಿಗೆ. ಎದುರಾಳಿಗಳ ನಡುವೆ ಚೆಂಡನ್ನು ಲಯಬದ್ಧವಾಗಿ ಒಯ್ಯುತ್ತಿದ್ದುದನ್ನು ಕಂಡ ಅಭಿಮಾನಿಗಳು ವಾಲ್ಟ್ಸ್ ಸಂಗೀತಗಾರನ ನೆನಪಿನಲ್ಲಿ ಅವರನ್ನು ‘ಗ್ರಬಾವಿತ್ಸದ ಸ್ಟ್ರಾಸ್’ ಎಂದು ಕರೆದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲೂ, 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ ಪಡೆದ, ಆಗ ಬೋಸ್ನಿಯಾವನ್ನೂ ಒಳಗೊಂಡಿದ್ದ ಯುಗೊಸ್ಲಾವಿಯದ ತಂಡದಲ್ಲೂ ಅವರಿದ್ದರು. ಮುಂದೆ ಫ್ರಾನ್ಸ್‌ನ ಕ್ಲಬ್ಬುಗಳಲ್ಲಿ ಆಡಿ, ಬೂಟು ಕಳಚಿ ಸರಾಯೆವೊಗೆ ಮರಳಿದರು.

1978ರಲ್ಲಿ ತಮ್ಮ ಹಳೆಯ ಕ್ಲಬ್ಬಿಗೇ ಕೋಚ್ ಆದರು. ದುಡ್ಡಿನ ಬಲವಿಲ್ಲದ ಆ ತಂಡವನ್ನು 1985ರಲ್ಲಿ ಯುಇಎಫ್ಎ ಕಪ್‌ನ ಸೆಮಿಫೈನಲ್‌ವರೆಗೆ ಒಯ್ದರು. ಹಂಗೇರಿಯ ವಿಡಿಯೋಟನ್ ವಿರುದ್ಧ ಮೊದಲ ಪಂದ್ಯದಲ್ಲಿ 1–3ರ ಸೋಲು. ಗ್ರಬಾವಿತ್ಸದಲ್ಲಿ ನಡೆದ ಎರಡನೆಯದರಲ್ಲಿ 2–0 ಮುನ್ನಡೆ. ಅಷ್ಟೇ ಉಳಿಸಿಕೊಂಡಿದ್ದರೆ ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಫೈನಲ್ ಸಿಗುತ್ತಿತ್ತು. ಆಟ ಮುಗಿಯಲು ಮೂರೇ ನಿಮಿಷ ಬಾಕಿ ಇದ್ದಾಗ ವಿಡಿಯೋಟನ್ ಒಂದು ಗೋಲು ಹೊಡೆದುಬಿಟ್ಟಿತು.

ಮುಂದಿನ ವರ್ಷ ಯುಗೊಸ್ಲಾವಿಯ ರಾಷ್ಟ್ರೀಯ ತಂಡದ ಹೊಣೆ ಬಂತು. ಆ ತಂಡವೇ ಒಂದು ಪುಟ್ಟ ಒಕ್ಕೂಟ. ಬೋಸ್ನಿಯಾದ ಸುಶಿಚ್, ಸರ್ಬಿಯಾದ ಸ್ಟೊಯ್ಕೊವಿಚ್, ಮಾಂಟೆನೆಗ್ರೊದ ಸಾವಿಚೆವಿಚ್, ಸ್ಲೊವೇನಿಯಾದ ಕಟಾನೆಟ್ಸ್, ಮ್ಯಾಸಿಡೋನಿಯಾದ ಪಾಂಚೆವ್: ಎಲ್ಲರೂ ಒಂದೇ ಅಂಗಿಯಲ್ಲಿ. ದೇಶ ಒಳಗೊಳಗೇ ಬಿರುಕು ಬಿಡುತ್ತಿದ್ದ ಹೊತ್ತಿನಲ್ಲಿ, ನಮ್ಮವನನ್ನು ಆಡಿಸಿ, ಇವನನ್ನೇಕೆ ಬಿಟ್ಟಿರಿ ಎಂದು ಒಂದೊಂದು ಗಣರಾಜ್ಯದ ಪತ್ರಿಕೆಗಳೂ ಜಗ್ಗುತ್ತಿದ್ದವು. ಆಯ್ಕೆ ಸಮಿತಿಯ ರಾಜಕೀಯ ನಮಗೂ ಹೊಸದಲ್ಲ. ಆದರೆ ಅಲ್ಲಿ ಅದರ ಬೆನ್ನಿಗೆ ಬಂದೂಕು ಕಾಯುತ್ತಿತ್ತು.

1990ರ ಇಟಲಿ ವಿಶ್ವಕಪ್‌ನಲ್ಲಿ ಮೊದಲ ಪಂದ್ಯವನ್ನು ಪಶ್ಚಿಮ ಜರ್ಮನಿಗೆ 1–4ರಿಂದ ಸೋತ ಈ ತಂಡ ಚೇತರಿಸಿಕೊಂಡು ಕ್ವಾರ್ಟರ್‌ಫೈನಲ್ ತಲುಪಿತು. ಜೂನ್ 30ರಂದು ಫ್ಲಾರೆನ್ಸ್‌ನಲ್ಲಿ ಎದುರಿಗಿದ್ದದ್ದು ಮರಡೋನಾರ ಅರ್ಜೆಂಟೀನಾ. ಅರ್ಧ ಗಂಟೆ ಕಳೆಯುತ್ತಲೇ ಶಬಾನಾಜೊವಿಚ್‌ಗೆ ಕೆಂಪು ಕಾರ್ಡ್. ಉಳಿದ ಹತ್ತು ಜನರೇ ಹೆಚ್ಚುವರಿ ಸಮಯ ಮುಗಿಯುವವರೆಗೂ ಗೋಲು ಬಿಟ್ಟುಕೊಡದೆ ಆಡಿದರು. ಪೆನಾಲ್ಟಿ ಸರದಿ ಬಂದಾಗ ಓಸಿಮ್ ನೋಡಲಾರೆನೆಂದು ಒಳಕ್ಕೆ ನಡೆದರು. ಗೋಲ್‌ಕೀಪರ್ ಇವ್ಕೊವಿಚ್ ಮರಡೋನಾರ ಹೊಡೆತವನ್ನೇ ತಡೆದರೂ ಅರ್ಜೆಂಟೀನಾ 3–2ರಿಂದ ಗೆದ್ದಿತು.

ದೇಶ ಒಡೆದು ಯುದ್ಧ ಶುರುವಾಯಿತು. 1992ರ ಏಪ್ರಿಲ್‌ನಲ್ಲಿ ಸರಾಯೆವೊಗೆ ಮುತ್ತಿಗೆ ಬಿತ್ತು. ಓಸಿಮ್ ಬೆಲ್‌ಗ್ರೇಡ್‌ನಲ್ಲಿದ್ದರು, ಹೆಂಡತಿ ಸರಾಯೆವೊದಲ್ಲಿ ಸಿಕ್ಕಿಕೊಂಡರು. ಮೇ 23ರಂದು ಓಸಿಮ್ ರಾಷ್ಟ್ರೀಯ ತಂಡಕ್ಕೆ ರಾಜೀನಾಮೆ ಕೊಟ್ಟರು. ತಮ್ಮ ಊರಿಗಾಗಿ ತಾವು ಮಾಡಬಹುದಾದದ್ದು ಇಷ್ಟೇ ಎಂದು ಪತ್ರಕರ್ತರ ಮುಂದೆ ಹೇಳುವಾಗ ಕಣ್ಣು ತುಂಬಿತ್ತು. ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ ಯುಗೊಸ್ಲಾವಿಯ ಯೂರೋ ಟೂರ್ನಿಯಿಂದ ಹೊರಬಿತ್ತು. ಬದಲಿಗೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು! ಗ್ರಬಾವಿತ್ಸ ಮೈದಾನವಂತೂ ಯುದ್ಧದ ಮುಂಚೂಣಿಯಾಯಿತು. ಹೆಂಡತಿಯನ್ನು ಓಸಿಮ್ ಮತ್ತೆ ಕಂಡದ್ದು ಎರಡು ವರ್ಷಗಳಿಗೂ ಹೆಚ್ಚು ಕಾಲದ ನಂತರ.

ಅಷ್ಟರಲ್ಲಿ ಗ್ರೀಸ್‌ನ ಪನಾಥಿನೈಕೋಸ್ ಕ್ಲಬ್ಬಿನ ಕೆಲಸ ಮುಗಿಸಿ 1994ರಲ್ಲಿ ಆಸ್ಟ್ರಿಯಾದ ಗ್ರಾಜ್ ಸೇರಿದ್ದರು. ಅಲ್ಲಿನ ಸ್ಟುರ್ಮ್ ಕ್ಲಬ್ಬು ಅದುವರೆಗೆ ಒಮ್ಮೆಯೂ ಲೀಗ್ ಚಾಂಪಿಯನ್ ಆಗಿರಲಿಲ್ಲ. ಓಸಿಮ್ ಕೈಯಲ್ಲಿ 1998 ಮತ್ತು 1999ರಲ್ಲಿ ಸತತ ಎರಡು ಬಾರಿ ಗೆದ್ದಿತು. ಸಾಲಾಗಿ ಮೂರು ವರ್ಷ ಚಾಂಪಿಯನ್ಸ್ ಲೀಗ್ ಆಡಿತು.

2003ರಲ್ಲಿ ಜಪಾನ್‌ನ ಜೆಫ್ ಯುನೈಟೆಡ್ ಸೇರಿದಾಗ ಅವರಿಗೆ 61. ಅವರ ವಿದ್ಯೆಯ ಒಳಗುಟ್ಟು ತಿಳಿಯಬೇಕಾದರೆ ಈ ಅಧ್ಯಾಯವನ್ನೇ ನೋಡಬೇಕು. ಅಭ್ಯಾಸದಲ್ಲಿ ಆಟಗಾರರಿಗೆ ಹಲವು ಬಣ್ಣದ ಬಿಬ್ ತೊಡಿಸುತ್ತಿದ್ದರು. ಯಾವ ಬಣ್ಣದವನಿಗೆ ಚೆಂಡು ಕೊಡಬೇಕು, ಎಲ್ಲಿಗೆ ಓಡಬೇಕು ಎಂಬ ನಿಯಮ ನಡುನಡುವೆ ಬದಲಾಗುತ್ತಿತ್ತು. ಕಾಲಿಗಿಂತ ಮೊದಲು ತಲೆ ದಣಿಯುತ್ತಿತ್ತು. ಸ್ನಾಯು ಸೆಳೆತದ ಬಗ್ಗೆ ಕೇಳಿದವರಿಗೆ, ಸಿಂಹ ಅಟ್ಟಿಸಿಕೊಂಡು ಬಂದಾಗ ಮೊಲಕ್ಕೆ ಸೆಳೆತ ಬರುತ್ತದೆಯೇ ಎಂದು ಮರುಪ್ರಶ್ನೆ ಹಾಕಿದ್ದು ಅಲ್ಲಿ ಮನೆಮಾತಾಯಿತು. ಗೋಲು ಹೊಡೆಯುವವರಿಗಷ್ಟೇ ಚಪ್ಪಾಳೆ ತಟ್ಟುವವರಿಗೆ, ತಂಡದಲ್ಲಿ ನೀರು ಹೊರುವವರೂ ಬೇಕು ಎನ್ನುತ್ತಿದ್ದರು. 2005ರಲ್ಲಿ ಈ ಸಾಧಾರಣ ಕ್ಲಬ್ಬು ಜಪಾನ್ ಲೀಗ್ ಕಪ್ ಗೆದ್ದಿತು. ಓಸಿಮ್ ಮಾತುಗಳನ್ನು ಆಧರಿಸಿದ ಪುಸ್ತಕವೂ ಭರ್ಜರಿಯಾಗಿ ಮಾರಾಟವಾಯಿತು. ಮರುವರ್ಷ ರಾಷ್ಟ್ರೀಯ ತಂಡ ಅವರ ಕೈಗೆ ಬಂತು. ಆದರೆ 2007ರ ನವೆಂಬರ್‌ನಲ್ಲಿ ಪಾರ್ಶ್ವವಾಯು ಬಡಿದು ಆ ಕೆಲಸ ಅರ್ಧಕ್ಕೇ ನಿಂತಿತು.

ಓಸಿಮ್ ಮತ್ತೆ ಕೋಚ್ ಆಗಲಿಲ್ಲ, ಆದರೆ ಫುಟ್‌ಬಾಲ್ ಅವರನ್ನು ಬಿಡಲಿಲ್ಲ. 2011ರ ಏಪ್ರಿಲ್‌ನಲ್ಲಿ ಫಿಫಾ ಬೋಸ್ನಿಯಾವನ್ನು ಅಮಾನತು ಮಾಡಿತು. ಮೂರು ಜನಾಂಗಗಳಿಗೆ ಒಬ್ಬೊಬ್ಬರಂತೆ ಮೂವರು ಅಧ್ಯಕ್ಷರು ಸರದಿಯಲ್ಲಿ ಆಳುವ ಪದ್ಧತಿ ಬಿಡಲು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಪ್ಪದೇ ಇದ್ದುದೇ ಕಾರಣ. ಇದನ್ನು ಸರಿಪಡಿಸುವ ಸಮಿತಿಯ ಮುಖ್ಯಸ್ಥರಾಗಿ ಮೂರೂ ಕಡೆಯವರು ನಂಬಿದ್ದು ಓಸಿಮ್ ಅವರನ್ನು. ಎರಡು ತಿಂಗಳೊಳಗೆ ಅಮಾನತು ತೆರವಾಯಿತು. 2013ರಲ್ಲಿ, ಓಸಿಮ್ ತಂಡದಲ್ಲಿ ಹಿಂದೆ ಆಡಿದ್ದ ಸುಶಿಚ್ ಕೋಚ್ ಆಗಿದ್ದಾಗ, ಬೋಸ್ನಿಯಾ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

2022ರ ಮೇ 1ರಂದು ಓಸಿಮ್ ಗ್ರಾಜ್‌ನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಸರಾಯೆವೊದಲ್ಲಿ ನಡೆಯಿತು. ಅವರ ಕಪ್ಪುಗಳ ಪಟ್ಟಿ ಉದ್ದವೇನಲ್ಲ. ಆದರೆ ಫ್ಲಾರೆನ್ಸ್‌ನ ಆ ಪಂದ್ಯದ ದೃಶ್ಯ ಸಿಕ್ಕರೆ ನೋಡಿ. ಚೆಂಡು ಇರುವ ಕಡೆಯಲ್ಲ, ಚೆಂಡಿಲ್ಲದ ಯುಗೊಸ್ಲಾವ್ ಆಟಗಾರರು ಎಲ್ಲಿಗೆ ಓಡುತ್ತಾರೆ ಎಂಬುದನ್ನು ನೋಡಿ.