ಸ್ಪೋರ್ಟ್ಸ್ ಕಾರು ಸಿದ್ಧವಾಗುವ ಬಗೆ

ವೇಗಕ್ಕಾಗಿಯೇ ನಿರ್ಮಿತವಾದ ಮೋಟಾರು ವಾಹನಕ್ಕೆ ಸ್ಪೋರ್ಟ್ಸ್ ಕಾರು ಎಂದು ಹೆಸರು. ಮನೆಮಂದಿಯೆಲ್ಲ ಕುಳಿತು ಜಾತ್ರೆಗೆ ಹೋಗಿಬರಲು ಅದು ತಕ್ಕುದಲ್ಲ. ನೆಲಕ್ಕೆ ತೀರ ತಗ್ಗು. ಮುಂದೆ ಇಬ್ಬರು ಕುಳಿತರೆ ಹಿಂದೆ ಮಕ್ಕಳಿಗೂ ಸಾಲದಷ್ಟು ಜಾಗ. ಬೆಲೆಯಂತೂ ನಮ್ಮಂಥವರು ಕೇಳಿ ಸುಮ್ಮನಾಗಬೇಕಾದಷ್ಟು. ಇಂಥ ವಾಹನವನ್ನು ನಾಲ್ಕಾರು ಮಂದಿ ನುರಿತ ಕುಶಲಕರ್ಮಿಗಳು ತಿಂಗಳುಗಟ್ಟಲೆ ಕುಳಿತು, ವಿಗ್ರಹ ಕಡೆಯುವಂತೆ ಒಂದೊಂದನ್ನಾಗಿ ಮಾಡುತ್ತಾರೆಂಬುದು ನಮ್ಮಲ್ಲಿ ಅನೇಕರ ಭಾವನೆ. ಹಾಗೆ ಮಾಡುವ ಸಣ್ಣ ಕಾರ್ಖಾನೆಗಳೂ ಇಲ್ಲದಿಲ್ಲ. ಆದರೆ ಈ ಜಾತಿಯ ವಾಹನಗಳಲ್ಲಿ ಜಗತ್ಪ್ರಸಿದ್ಧವಾದ ಪೋರ್ಷೆ ೯೧೧ ಎಂಬ ಕಾರು ಹುಟ್ಟುವುದು ಒಬ್ಬರ ಕೈಯಲ್ಲಲ್ಲ, ಒಂದು ಸಾಲಿನಲ್ಲಿ. ೨೦೧೭ರ ಮೇ ತಿಂಗಳಿನಲ್ಲಿ ಹತ್ತು ಲಕ್ಷವನ್ನು ಮುಟ್ಟಿಸಿದ ೯೧೧ ಕಾರು ಕಾರ್ಖಾನೆಯಿಂದ ಹೊರಬಂತು. ವಿಗ್ರಹ ಕಡೆಯುವ ರೀತಿಯಲ್ಲಿ ಇಷ್ಟು ಸಂಖ್ಯೆ ಸಾಧ್ಯವಾಗುವ ಮಾತಲ್ಲ.

ಹಾಗಾದರೆ ಈ ಸಾಲು ಎಂದರೇನು? ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಆಡಂ ಸ್ಮಿತ್ತನ ಗುಂಡುಸೂಜಿಯ ಕಾರ್ಖಾನೆ ಪರಿಚಿತವೇ. ಒಂದು ಸೂಜಿಯ ಕೆಲಸವನ್ನು ಸುಮಾರು ೧೮ ಕ್ರಿಯೆಗಳಾಗಿ ಒಡೆದು ಹಂಚಿಕೊಂಡರೆ ಹತ್ತೇ ಮಂದಿ ದಿನಕ್ಕೆ ೪೮ ಸಾವಿರ ಸೂಜಿಗಳನ್ನು ಮಾಡಬಲ್ಲರೆಂದು ಅವನು ೧೭೭೬ರಲ್ಲಿಯೇ ಬರೆದನು. ಅಲ್ಲಿ ಇದ್ದುದು ಶ್ರಮವಿಭಜನೆ ಮಾತ್ರ. ಅದಕ್ಕೆ ಚಲನೆಯನ್ನು ಸೇರಿಸಿ ಮೋಟಾರು ತಯಾರಿಕೆಯ ಸ್ವರೂಪವನ್ನೇ ಬದಲಾಯಿಸಿದವನು ಅಮೆರಿಕದ ಹೆನ್ರಿ ಫೋರ್ಡ್.

ನಮ್ಮ ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಎಲೆ ಕದಲುವುದಿಲ್ಲ, ಬಡಿಸುವವರು ಕದಲುತ್ತಾರೆ. ಉಪ್ಪಿನವನ ಹಿಂದೆ ಕೋಸಂಬರಿಯವನು, ಅವನ ಹಿಂದೆ ಪಲ್ಯದವನು, ಆಮೇಲೆ ಅನ್ನ, ಸಾರು. ಒಬ್ಬೊಬ್ಬನಿಗೆ ಒಂದೊಂದೇ ಪದಾರ್ಥ, ಒಂದೊಂದೇ ಕೆಲಸ. ಈಗ ಬಡಿಸುವವರೆಲ್ಲ ತಮ್ಮ ತಮ್ಮ ಪಾತ್ರೆಯೊಡನೆ ನಿಂತಲ್ಲೇ ನಿಂತು, ಎಲೆಗಳೇ ಅವರ ಮುಂದೆ ಮೆಲ್ಲಗೆ ಸಾಗಿಹೋಗುವಂತೆ ಮಾಡಿದರೆ ಹೇಗಿರುತ್ತದೆ? ಅದೇ ಫೋರ್ಡನ ಜೋಡಣೆಯ ಸಾಲು. ಅನ್ನದವನು ತಡಮಾಡಿದರೆ ಸಾರಿನವನು ಸೌಟು ಹಿಡಿದು ಕಾಯಬೇಕು, ಅವನ ಹಿಂದಿನವರೂ ಕಾಯಬೇಕು. ಸಾಲಿನ ಬಲವೂ ಅದೇ, ಕೊರತೆಯೂ ಅದೇ.

೧೯೧೩ರಲ್ಲಿ ಫೋರ್ಡನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಮೊದಲು ಮ್ಯಾಗ್ನೆಟೊ ಎಂಬ ಸಣ್ಣ ವಿದ್ಯುತ್ ಯಂತ್ರದ ಮೇಲೆ ಈ ಪ್ರಯೋಗ ನಡೆಯಿತು. ಒಬ್ಬನೇ ಸುಮಾರು ೨೦ ನಿಮಿಷದಲ್ಲಿ ಮಾಡುತ್ತಿದ್ದ ಕೆಲಸವನ್ನು ೨೯ ತುಂಡುಗಳಾಗಿ ಹಂಚಿ ಸಾಲಿನಲ್ಲಿ ಸಾಗಿಸಿದಾಗ ೧೩ ನಿಮಿಷ ೧೦ ಸೆಕೆಂಡಿಗೆ ಇಳಿಯಿತು. ಮರುವರ್ಷ ಸಾಲನ್ನು ಕೇವಲ ೮ ಅಂಗುಲ ಎತ್ತರಿಸಿದರು; ಬೆನ್ನು ಬಗ್ಗಿಸುವುದು ತಪ್ಪಿತು, ಕಾಲ ೭ ನಿಮಿಷಕ್ಕೆ ಇಳಿಯಿತು. ಇಡೀ ಕಾರಿನ ತಳಕಟ್ಟಿನ ಜೋಡಣೆಯಲ್ಲಿ ಹನ್ನೆರಡು ಗಂಟೆಗೂ ಮಿಕ್ಕಿದ ಕೆಲಸ ೧ ಗಂಟೆ ೩೩ ನಿಮಿಷದ್ದಾಯಿತು. ಆದರೆ ದಿನವೆಲ್ಲ ಒಂದೇ ತಿರುಪು ತಿರುಗಿಸುವ ಕೆಲಸದಲ್ಲಿ ಜನ ನಿಲ್ಲಲಿಲ್ಲ. ಆ ವರ್ಷ ನೂರು ಮಂದಿ ಹೆಚ್ಚಾಗಿ ಬೇಕೆಂದರೆ ೯೬೩ ಮಂದಿಯನ್ನು ಸೇರಿಸಿಕೊಳ್ಳಬೇಕಾಗುತ್ತಿತ್ತಂತೆ. ಉಳಿದವರೆಲ್ಲ ಬಿಟ್ಟು ಹೋಗುವವರೇ. ೧೯೧೪ರ ಜನವರಿಯಲ್ಲಿ ಫೋರ್ಡನು ದಿನದ ಕೂಲಿಯನ್ನು ಹಿಂದಿನದರ ಎರಡರಷ್ಟು, ಎಂದರೆ ೫ ಡಾಲರು ಎಂದು ಸಾರಿದ್ದನ್ನು ಔದಾರ್ಯವೆಂದು ಹೊಗಳುವವರುಂಟು. ನನಗೇನೋ ಅದು ಬೇಸರಕ್ಕೆ ಕೊಟ್ಟ ಬೆಲೆಯೆಂದೇ ತೋರುತ್ತದೆ.

ಇನ್ನು ಜರ್ಮನಿಗೆ ಹೋಗೋಣ. ಸ್ಟುಟ್‌ಗಾರ್ಟ್ ನಗರದ ಉತ್ತರಕ್ಕೆ ತ್ಸುಫೆನ್‌ಹೌಸೆನ್ ಎಂಬ ಬಡಾವಣೆಯಿದೆ. (ಬೆಂಗಳೂರಿನ ಮೈಕೋ ಕಾರ್ಖಾನೆಯ ಮೂಲ ಸಂಸ್ಥೆಯಾದ ಬಾಷ್ ಹುಟ್ಟಿದ್ದೂ ಇದೇ ಸ್ಟುಟ್‌ಗಾರ್ಟಿನಲ್ಲಿ.) ಪೋರ್ಷೆ ಸಂಸ್ಥೆ ೧೯೫೦ರಿಂದ ಇಲ್ಲಿ ಕಾರು ಮಾಡುತ್ತಿದೆ. ೧೯೬೩ರಲ್ಲಿ ಅದು ೯೦೧ ಎಂಬ ಹೊಸ ಕಾರನ್ನು ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಇಟ್ಟಿತು. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪ್ಯೂಜೊ ಕಂಪನಿ ಆಕ್ಷೇಪಿಸಿದ್ದರಿಂದ ಸೊನ್ನೆ ಹೋಗಿ ಒಂದು ಬಂತು. ಹೀಗೆ ೯೧೧.

ಈ ಕಾರ್ಖಾನೆಯಲ್ಲೂ ಸಾಲು ಇತ್ತು. ಆದರೆ ಅದರಲ್ಲಿ ನಿಂತವರು ಫೋರ್ಡನ ಕೂಲಿಗಳಂಥವರಲ್ಲ. ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಪಳಗಿದ ಕರ್ಮಿಗಳು. ಒಂದು ಭಾಗ ಸರಿಯಾಗಿ ಕೂರದಿದ್ದರೆ ಉಜ್ಜಿ, ತಟ್ಟಿ, ಕೂರುವಂತೆ ಮಾಡುವುದೇ ಅವರ ಹೆಮ್ಮೆ. ಸಾಲಿನ ಕೊನೆಯಲ್ಲಿ ದೋಷಗಳನ್ನು ಹುಡುಕಿ ತಿದ್ದುವುದಕ್ಕೇ ಬೇರೆ ನುರಿತವರಿದ್ದರು. ಇದು ನನಗೆ ಬಹಳ ಪರಿಚಿತವಾದ ಚಿತ್ರ. ನಮ್ಮ ತಾತ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದವರು. ಚಕ್ರದ ನಡುವಿನ ಗುಂಬದಲ್ಲಿ ಅರಕಾಲು ಕೂರದಿದ್ದರೆ ಉಳಿಯಿಂದ ಇಷ್ಟಿಷ್ಟೇ ಕೆತ್ತಿ ಕೂರಿಸುತ್ತಿದ್ದರು. ಆ ಅರಕಾಲು ಆ ರಂಧ್ರಕ್ಕೇ ಸರಿ, ಮತ್ತೊಂದಕ್ಕಲ್ಲ. ಅದನ್ನೇ ನಾವು ಕೈಚಳಕ ಎನ್ನುವುದು. ಆದ್ದರಿಂದ ಈ ಕೈಚಳಕವೇ ಒಂದು ಕಾರ್ಖಾನೆಯನ್ನು ಮುಳುಗುವ ಹಂತಕ್ಕೆ ತರುವುದರಲ್ಲಿ ಪಾಲುಗೊಂಡಿತೆಂದು ಓದಿದಾಗ ನನಗೆ ಮೊದಲು ನಂಬಲಾಗಲಿಲ್ಲ.

೧೯೮೬ರ ಸುಮಾರಿಗೆ ವರ್ಷಕ್ಕೆ ೫೦ ಸಾವಿರ ಕಾರು ಮಾರುತ್ತಿದ್ದ ಪೋರ್ಷೆ, ೧೯೯೨-೯೩ರ ಹೊತ್ತಿಗೆ ಅದರ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿದಿತ್ತು. ಡಾಲರಿನ ಬೆಲೆ ಕುಸಿದದ್ದು ಒಂದು ಕಾರಣ. ಒಂದು ಕಾರಿಗೆ ತಗಲುತ್ತಿದ್ದ ಕಾಲ ಇನ್ನೊಂದು. ಆಗ ಉತ್ಪಾದನೆಯ ಹೊಣೆ ಹೊತ್ತು ಮುಂದೆ ಸಂಸ್ಥೆಯ ಮುಖ್ಯಸ್ಥನಾದ ವೆಂಡೆಲಿನ್ ವೀಡೆಕಿಂಗ್, ಜಪಾನಿನ ಟೊಯೊಟಾ ಪದ್ಧತಿಯಲ್ಲಿ ಪಳಗಿದ್ದ ಚಿಹಿರೊ ನಕಾವೊ ಮೊದಲಾದವರನ್ನು ಕರೆಸಿಕೊಂಡನು. ಎಂಜಿನ್ ಜೋಡಿಸುವ ಶಾಲೆಯಲ್ಲಿ ಎರಡೂವರೆ ಮೀಟರ್ ಎತ್ತರದ ಕಪಾಟುಗಳ ತುಂಬ ಬಿಡಿಭಾಗಗಳು. ಅವುಗಳ ನಡುವೆ ಏಣಿ ಹತ್ತಿ ಇಳಿಯುವ ಕೆಲಸಗಾರರು. ಬಂದವರು ಇದು ಕಾರ್ಖಾನೆಯಲ್ಲ, ಉಗ್ರಾಣ ಎಂದುಬಿಟ್ಟರು. ವೀಡೆಕಿಂಗನ ಕೈಗೆ ವಿದ್ಯುತ್ ಗರಗಸ ಕೊಟ್ಟು, ೧.೩ ಮೀಟರಿಗಿಂತ ಮೇಲಿರುವ ಕಪಾಟನ್ನೆಲ್ಲ ಕತ್ತರಿಸಲು ಹೇಳಿದರು. ಎಲ್ಲರ ಕಣ್ಣೆದುರಿಗೆ ಅವನು ಕತ್ತರಿಸಿಯೂಬಿಟ್ಟನು.

ಕಪಾಟು ಮಾಡಿದ ಅಪರಾಧವೇನು? ಒಂದು ತಿಂಗಳ ಸಾಮಾನು ಕೂಡಿಟ್ಟರೆ ಅದರೊಳಗೆ ಕೆಟ್ಟದ್ದೂ ಅಡಗಿರುತ್ತದೆ. ಒಂದು ಕೂರದಿದ್ದರೆ ಇನ್ನೊಂದನ್ನು ತೆಗೆದುಕೊಂಡರಾಯಿತು, ಇಲ್ಲವೇ ಉಜ್ಜಿದರಾಯಿತು. ಅದು ಏಕೆ ಕೆಟ್ಟಿತೆಂದು ಕೇಳುವವರಿಲ್ಲ, ನಾಳೆಯೂ ಹಾಗೆಯೇ ಬರುತ್ತದೆ. ಕೂಡಿಟ್ಟದ್ದು ಇಲ್ಲದಿದ್ದರೆ ಕೆಟ್ಟ ಒಂದು ಭಾಗ ಸಾಲನ್ನೇ ತಡೆಯುತ್ತದೆ. ಆಗ ಕಾರಣವನ್ನು ಹುಡುಕಲೇಬೇಕು. ಜಾಣತನ ಬೇಡವೆಂದು ಜಪಾನಿಗಳು ಹೇಳಲಿಲ್ಲ. ತಪ್ಪನ್ನು ತಿದ್ದುವುದರಲ್ಲಿ ವ್ಯಯವಾಗುತ್ತಿದ್ದ ಜಾಣತನವನ್ನು ತಪ್ಪು ಹುಟ್ಟದಂತೆ ಮಾಡುವುದಕ್ಕೆ ತಿರುಗಿಸಿರಿ ಎಂದರು, ಅಷ್ಟೆ.

ಒಂದು ೯೧೧ ಕಾರಿನ ಜೋಡಣೆಗೆ ಹಿಡಿಯುತ್ತಿದ್ದ ೧೨೦ ಗಂಟೆ ಕೆಲವೇ ವರ್ಷಗಳಲ್ಲಿ ೭೨ ಗಂಟೆಗೆ ಇಳಿಯಿತು. ಸಂಸ್ಥೆ ಉಳಿಯಿತು. ಜೊತೆಗೆ ೮,೪೦೦ಕ್ಕೂ ಮಿಕ್ಕಿದ್ದ ನೌಕರರು ಸುಮಾರು ೬,೮೦೦ ಆದರು. ಈ ಸುಧಾರಣೆಯನ್ನು ಕೊಂಡಾಡುವ ಪುಸ್ತಕಗಳು ಗಂಟೆಗಳನ್ನು ಎಣಿಸುವಷ್ಟು ಉತ್ಸಾಹದಿಂದ ಈ ಒಂದೂವರೆ ಸಾವಿರ ಮಂದಿಯನ್ನು ಎಣಿಸುವುದಿಲ್ಲ. ಸಂಸ್ಥೆಯೇ ಮುಳುಗಿದ್ದರೆ ಎಲ್ಲರೂ ಹೋಗುತ್ತಿದ್ದರಲ್ಲವೇ ಎಂದು ಕೇಳಬಹುದು. ನಿಜ. ಆದರೂ ಮನೆಗೆ ಹೋದವನಿಗೆ ಆ ಉತ್ತರದಿಂದ ಅನ್ನ ಹುಟ್ಟುವುದಿಲ್ಲ.

ಈಗ ಅಲ್ಲಿ ಕಾರು ಹೇಗೆ ಸಿದ್ಧವಾಗುತ್ತದೆಂಬುದನ್ನು ನೋಡೋಣ. ಮೊದಲು ಒಡಲು. ೨೦೧೮ರ ಕೊನೆಗೆ ಹೊರಬಂದ ತಲೆಮಾರಿನ ೯೧೧ ಕಾರಿನ ಒಡಲಿನಲ್ಲಿ ಉಕ್ಕಿನ ಪಾಲು ಶೇಕಡಾ ೬೩ರಿಂದ ೩೦ಕ್ಕೆ ಇಳಿದಿದೆ. ಆ ಸ್ಥಾನವನ್ನು ಹೆಚ್ಚಾಗಿ ಅಲ್ಯೂಮಿನಿಯಂ ತುಂಬಿದೆ. ಹಗುರವಾದಷ್ಟೂ ವೇಗ ಹೆಚ್ಚು. ಆದರೆ ಉಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ಸಾಧಾರಣ ಬೆಸುಗೆಯಿಂದ ಕೂಡಿಸುವುದು ಕಷ್ಟ. ಆದ್ದರಿಂದ ರಿವೆಟ್ಟು, ತಿರುಪು, ಅಂಟು ಇವುಗಳ ಪ್ರಯೋಗ. ಕೈಯಂತೆ ಬಾಗುವ ರೋಬಾಟ್ ಯಂತ್ರಗಳೇ ಇಲ್ಲಿನ ಹೆಚ್ಚಿನ ಕೆಲಸಗಾರರು.

ಅನಂತರ ಬಣ್ಣ. ಒಡಲನ್ನು ಇಡಿಯಾಗಿ ದ್ರವದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಾಯಿಸುತ್ತಾರೆ. ತುಕ್ಕು ತಡೆಯುವ ಪದರ ಸಂದುಗೊಂದುಗಳಲ್ಲೂ ಹತ್ತಿಕೊಳ್ಳುತ್ತದೆ. ಅದನ್ನು ಒಲೆಯಲ್ಲಿ ಬೇಯಿಸಿ, ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಪದರ. ಕಾರ್ಖಾನೆ ಊರಿನ ನಡುವೆ ಇಕ್ಕಟ್ಟಿನಲ್ಲಿರುವುದರಿಂದ ಒಡಲುಗಳು ರಸ್ತೆಯ ಮೇಲೆ ಕಟ್ಟಿದ ಸೇತುವೆಯೊಳಗಿಂದ ಜೋಡಣೆಯ ಕಟ್ಟಡಕ್ಕೆ ಹೋಗುತ್ತವೆ. ಅಲ್ಲಿ ಮಹಡಿಯಿಂದ ಮಹಡಿಗೆ ಸಾಗುತ್ತವೆ.

ಜೋಡಣೆಯ ಸಾಲಿನಲ್ಲಿ ಮೊದಲ ಕೆಲಸ ಬಾಗಿಲು ಕಳಚುವುದು. ಈಗತಾನೆ ಬಣ್ಣ ಹಚ್ಚಿದ ಬಾಗಿಲನ್ನು ಕಳಚುವುದೇ ಎಂದು ಬೆರಗಾಗಬೇಡಿ. ಒಡಲಿನ ಜೊತೆಯಲ್ಲೇ ಬಣ್ಣ ಹಚ್ಚಿದರೆ ಛಾಯೆ ಭೇದವಾಗದು; ಕಳಚಿದರೆ ಒಳಗೆ ಕೈಯಾಡಿಸಲು ಸುಲಭ, ಬಾಗಿಲಿಗೂ ಏಟು ಬೀಳದು. ಅದು ಬೇರೊಂದು ಸಾಲಿನಲ್ಲಿ ಗಾಜು ಬೀಗಗಳನ್ನು ತೊಟ್ಟುಕೊಂಡು ಕೊನೆಗೆ ತನ್ನ ಒಡಲಿಗೇ ಮರಳುತ್ತದೆ. ಒಳಗೆ ಮೊದಲು ಹೋಗುವುದು ತಂತಿಗಳ ಕಟ್ಟು. ನಮ್ಮ ದೇಹದ ನರಗಳಂತೆ ಕಾರಿನ ಉದ್ದಗಲಕ್ಕೂ ಹಬ್ಬುವ ಇದನ್ನು ಮನುಷ್ಯರೇ ಹಾಸಬೇಕು. ಮೆತ್ತಗೆ ಬಳುಕುವ ವಸ್ತುವನ್ನು ಹಿಡಿಯುವುದು ಯಂತ್ರಕ್ಕೆ ಇಂದಿಗೂ ಸಲೀಸಲ್ಲ. ೨೦೨೨ರಲ್ಲಿ ಯುಕ್ರೇನಿನಲ್ಲಿ ಯುದ್ಧ ಮೊದಲಾದಾಗ ಅಲ್ಲಿಂದ ಬರುತ್ತಿದ್ದ ತಂತಿಕಟ್ಟುಗಳು ನಿಂತು, ಲೈಪ್‌ಜಿಗ್ಗಿನಲ್ಲಿರುವ ಪೋರ್ಷೆಯ ಮತ್ತೊಂದು ಕಾರ್ಖಾನೆ ಕೆಲವು ಕಾಲ ಮುಚ್ಚಬೇಕಾಯಿತು. ಕಪಾಟನ್ನು ಕತ್ತರಿಸಿದ ಪದ್ಧತಿಗೆ ಈ ಅಪಾಯ ಬೆನ್ನಿಗಂಟಿದ್ದು.

ಇದೇ ಹೊತ್ತಿಗೆ ಬೇರೆಡೆ ಎಂಜಿನ್ನು ಸಿದ್ಧವಾಗುತ್ತಿರುತ್ತದೆ. ೯೧೧ ಕಾರಿನ ಎಂಜಿನ್ನು ಇರುವುದು ಹಿಂದೆ, ಹಿಂಗಾಲಿಗಳ ಅಚ್ಚಿಗಿಂತಲೂ ಆಚೆಗೆ. ಆರು ಸಿಲಿಂಡರುಗಳು ಎಡಕ್ಕೆ ಮೂರು, ಬಲಕ್ಕೆ ಮೂರು ಮಲಗಿರುತ್ತವೆ. ಈಗ ಕೆಲಸಗಾರನ ಬೆನ್ನ ಹಿಂದೆ ಕಪಾಟಿಲ್ಲ. ಒಂದು ಎಂಜಿನ್ನಿಗೆ ಬೇಕಾದ ಭಾಗಗಳನ್ನಷ್ಟೇ ತುಂಬಿದ ಬುಟ್ಟಿ ಅದರೊಡನೆಯೇ ಬರುತ್ತದೆ. ಕೊನೆಯಲ್ಲಿ ಬುಟ್ಟಿಯಲ್ಲಿ ಏನಾದರೂ ಉಳಿಯಿತೋ, ಎಲ್ಲೋ ಮರೆತಿದ್ದೇವೆಂದು ಅರ್ಥ. ತಿರುಪು ಬಿಗಿಯುವ ವಿದ್ಯುತ್ ಉಪಕರಣ ತಾನು ಬಿಗಿದ ಬಲವನ್ನು ಬರೆದಿಟ್ಟುಕೊಳ್ಳುತ್ತದೆ.

ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚುಗಳು ಒಂದು ಪೀಠದ ಮೇಲೆ ಕೆಳಗಿನಿಂದ ಬರುತ್ತವೆ. ಒಡಲು ಮೇಲಿನಿಂದ ಇಳಿಯುತ್ತದೆ. ಎರಡೂ ಕೂಡುವ ಈ ಠಾಣೆಗೆ ಜರ್ಮನರು ಇಟ್ಟ ಹೆಸರು ‘ಹೋಖ್‌ತ್ಸೈಟ್’, ಎಂದರೆ ಮದುವೆ! ಪುರೋಹಿತರಿಲ್ಲ, ಓಲಗವಿಲ್ಲ, ಕೆಲವೇ ನಿಮಿಷಗಳ ಮುಹೂರ್ತ. ಆದರೆ ವಧುವರರು ತಪ್ಪಬಾರದು. ಏಕೆಂದರೆ ಈ ಸಾಲಿನಲ್ಲಿ ಹಿಂದುಮುಂದಿನ ಎರಡು ಕಾರುಗಳು ಒಂದೇ ಬಗೆಯವಾಗಿರುವುದು ಅಪರೂಪ. ಒಂದು ಮುಚ್ಚಿದ ಮಾಡಿನದು, ಮುಂದಿನದು ಮಾಡು ಮಡಚುವಂಥದು, ಅದರ ಮುಂದಿನದು ಪಂದ್ಯಕ್ಕೆಂದೇ ಹೋಗುವ ಕಾರು. ಒಂದಕ್ಕೆ ಎಡಗಡೆ ಚುಕ್ಕಾಣಿ. ಭಾರತಕ್ಕೆ ಬರುವುದಕ್ಕೆ ಬಲಗಡೆ. ತೊಗಲಿನ ಬಣ್ಣ, ಹೊಲಿಗೆಯ ದಾರ ಕೂಡ ಕೊಳ್ಳುವವನ ಇಷ್ಟ. ೨೦೨೫ರವರೆಗೆ ೭೧೮ ಎಂಬ ಬೇರೆಯೇ ಮಾದರಿಯೂ ಇದೇ ಸಾಲಿನಲ್ಲಿ ನಡುನಡುವೆ ಬರುತ್ತಿತ್ತು. ಫೋರ್ಡನು ೧೯೧೪ರಿಂದ ಹನ್ನೊಂದು ವರ್ಷ ಕಪ್ಪು ಬಣ್ಣವೊಂದನ್ನೇ ಕೊಟ್ಟು ಸಾಲನ್ನು ನಡೆಸಿದನು. ಇಲ್ಲಿ ಪಂಕ್ತಿಯ ಒಂದೊಂದು ಎಲೆಗೂ ಒಂದೊಂದು ಅಡಿಗೆ, ಆದರೂ ಬಡಿಸುವವನು ಎಡವುವಂತಿಲ್ಲ. ಒಂದೇ ತಿರುಪಿನ ಬೇಸರ ಇಲ್ಲಿ ಇಲ್ಲವೆನ್ನಲಾರೆ. ಆದರೆ ಕಣ್ಣುಮುಚ್ಚಿ ಮಾಡುವ ಕೆಲಸವಂತೂ ಅಲ್ಲ.

ಮದುವೆಯ ಬಳಿಕ ಗಾಲಿಗಳು, ಆಸನಗಳು, ಎಣ್ಣೆ, ಪೆಟ್ರೋಲು. ಎಂಜಿನ್ನಿಗೆ ಮೊದಲ ಸಲ ಜೀವ ಬರುತ್ತದೆ. ನಿಂತಲ್ಲೇ ಉರುಳೆಗಳ ಮೇಲೆ ಓಡಿಸಿ ಬ್ರೇಕು ಪರೀಕ್ಷಿಸುತ್ತಾರೆ. ಒಳಗೆ ಹನಿ ಇಳಿಯುವುದೋ ಎಂದು ನೀರು ಸುರಿದು ನೋಡುತ್ತಾರೆ. ಕೊನೆಗೆ ಪ್ರಖರವಾದ ದೀಪಗಳ ಕೆಳಗೆ ಕಾರು ನಿಲ್ಲುತ್ತದೆ. ಪರೀಕ್ಷಕರು ಅದರ ಸುತ್ತ ನಡೆಯುತ್ತ, ಕಣ್ಣಿಗೆ ಕಾಣದ ತಗ್ಗುದಿಣ್ಣೆಯನ್ನು ಅಂಗೈ ಸವರಿ ಹುಡುಕುತ್ತಾರೆ. ದೋಷ ಸಿಕ್ಕಿದರೆ ಗುರುತು ಹಾಕಿ, ಅದು ಯಾವ ಠಾಣೆಯಲ್ಲಿ ಹುಟ್ಟಿತೆಂದು ಹಿಂದಕ್ಕೆ ವಿಚಾರಿಸುತ್ತಾರೆ. ಅಷ್ಟರಲ್ಲಿ ಮುಂದಿನ ಕಾರು ದೀಪದ ಕೆಳಗೆ ಬಂದಿರುತ್ತದೆ.